ಒಂದೂವರೆ ಕೇಜಿ ಬೆಲ್ಲ

ಬರಬೇಕಿದ್ದ ರಬ್ಬರ್ ಮಗು ಬರಲಿಲ್ಲ.
ಯಾವುದೋ ಬಂದರಿನ ಕೋಣೆಯಲ್ಲಿ
ಉಸಿರಿಲ್ಲದೆ ಬಿದ್ದಿದೆಯಂತೆ.
ಸುಂಕದವರ ಮುಂದೆ ಯಾರ ಸುಖದುಃಖ?

ಹದಿನೇಳು ಜನ ನರ್ಸುಗಳು ನಾವು
ಕೊಪ್ಪದ ಆಸ್ಪತ್ರೆಯ ಹಿಂದಿನ ಹಾಲಿನಲ್ಲಿ
ಕೈಕಟ್ಟಿ ಕೂತಿದ್ದೆವು, ಕಲಿಯಲು.
ಆಕೆ ಕಿಟಕಿಯಾಚೆ ಹೊಗೆ ನೋಡಿ
ಅಲ್ಲೇನು ಬೇಯುತ್ತಿದೆ ಎಂದು ಕೇಳಿದಳು.

ಹಾಗೆ ಬಂತು ಪಾಠಕ್ಕೆ, ಆಲೆಮನೆಯಿಂದ,
ಒಂದೂವರೆ ಕೇಜಿಯ ಬೆಲ್ಲದುಂಡೆ.
ಇನ್ನೂ ಬಿಸಿ ಆರಿರಲಿಲ್ಲ.
ಹಳೇ ಪಂಚೆ ಸುತ್ತಿ, ಮೇಲೊಂದು ಉಲ್ಲನ್ ಟೋಪಿ ಇಟ್ಟು
ಎದೆಗೆ ಎದೆ ತಾಗಲಿ, ಮಂಡಿ ಕಪ್ಪೆಯ ಹಾಗೆ ಮಡಚಲಿ,
ಕಿವಿ ನಿಮ್ಮ ಗುಂಡಿಗೆಯ ಮೇಲಿರಲಿ ಎಂದಳು.
ಬೆಲ್ಲಕ್ಕೆಲ್ಲಿ ಮಂಡಿ, ಎಲ್ಲಿ ಕಿವಿ?
ಆಯಾ ಚಿಕ್ಕತಾಯಮ್ಮ ಬಾಯಿಗೆ ಸೆರಗಿಟ್ಟು ನಕ್ಕಳು.
ಆಕೆ ನಗಲಿಲ್ಲ:
ತಿಂಗಳು ತುಂಬದ್ದೂ ಹೀಗೇ,
ಎಲ್ಲಿ ಏನಿದೆ ಅಂತ ಕೈಯೇ ಹುಡುಕಬೇಕು.
ನನ್ನ ಸರದಿಯಲ್ಲಿ ಬೆಲ್ಲ ಕರಗಿ
ರವಿಕೆ ದಾಟಿ ಹೊಟ್ಟೆವರೆಗೆ ಇಳಿಯಿತು.
ಇರುವೆಗಳು ಮೂರು ದಿನ ಬಿಡಲಿಲ್ಲ.

ಹೆಸರು ತಮಂದಾ. ಮಲಾವಿಯ ಝೋಂಬಾದವಳು.
ಇಪ್ಪತ್ತೆರಡು ವರ್ಷ ಅಲ್ಲಿ ಸೂಲಗಿತ್ತಿಯರಿಗೆ ಮೇಷ್ಟ್ರು.
ಚಿಕ್ಕತಾಯಮ್ಮನ ಬಾಯಲ್ಲಿ ವಾರದೊಳಗೆ ತಿಮ್ಮಮ್ಮ.
ಬಡದೇಶದವಳು ನಮಗೇನು ಕಲಿಸಿಯಾಳು
ಎಂದು ಮೊದಲ ದಿನ ಅಂದುಕೊಂಡವಳು ನಾನೇ.
ಬರೆದಿಡುತ್ತೇನೆ, ಇರಲಿ.

ಕಬ್ಬು ಕಡಿಯುವವರ ಗುಡಾರಗಳು ನಾಲೆ ಏರಿ ಮೇಲೆ.
ರೇಷನ್ ಕಾರ್ಡು ಅವರೂರಿನದು,
ತಾಯಿ ಕಾರ್ಡು ಯಾವೂರಿನದೂ ಅಲ್ಲ.
ಹಗರಿಬೊಮ್ಮನಹಳ್ಳಿ ಕಡೆಯ ಹುಲಿಗೆಮ್ಮ
ಎಂಟಕ್ಕೇ ಬಂದಳು, ಸರಿರಾತ್ರಿ, ಟ್ರ್ಯಾಕ್ಟರಿನಲ್ಲಿ,
ಮೊಣಕೈ ತುಂಬ ಸೋಗೆಯ ಗೀರು.
ಬ್ಯಾನಿ ಎದ್ದಾವ್ರಿ, ಎಂದಳು.
ಮುಕ್ಕವ್ವ, ಎಂದೆ.
ನನ್ನ ಮಂಡ್ಯದ ಮಾತು ಅವಳಿಗೆ ಅರ್ಧವೇ ದಾಟಿತು.
ತಮಂದಾ ಅವಳ ನಡುವಿಗೆ ಅಂಗೈ ಒತ್ತಿ
ಲಿಂಬನಿ, ಲಿಂಬನಿ, ಅನ್ನುತ್ತಿದ್ದಳು.
ಗಟ್ಟಿಯಾಗಿರು ತಾಯಿ, ಅಂತ ಅದರ ಅರ್ಥ.
ಅದು ತಿಳಿದದ್ದು ಆಮೇಲೆ.
ಅಷ್ಟರಲ್ಲಿ ಚಿಕ್ಕತಾಯಮ್ಮ ಓಡಿ
ಕ್ಯಾಂಟೀನಿನವನನ್ನು ಎಬ್ಬಿಸಿ
ಎರಡು ನಿಂಬೆಹಣ್ಣು ತಂದಾಗಿತ್ತು.

ಹುಲಿಗೆಮ್ಮ ಒಂದನ್ನು ಮುಷ್ಟಿಯಲ್ಲಿ ಹಿಡಿದಳು.
ಹಿಚುಕಿದ ರಸ ಗೀರುಗಳಿಗೆ ಇಳಿಯಿತು.
ಆ ಉರಿಯಲ್ಲಿ ಬೈದಳು ಕಬ್ಬನ್ನು, ಮೇಸ್ತ್ರಿಯನ್ನು,
ಗಂಡನನ್ನು, ಸಾಲಾಗಿ ನಿಂತ ನಮ್ಮನ್ನೂ.
ಒಂದು ಬೈಗುಳದ ನಡುವೆ ಮಗು ಬಂತು.

ಸಾವಿರದ ನಾನೂರ ಎಪ್ಪತ್ತು ಗ್ರಾಂ.
ಬೆಲ್ಲಕ್ಕಿಂತ ಕಮ್ಮಿ, ಎಂದಳು ಚಿಕ್ಕತಾಯಮ್ಮ, ಮೆಲ್ಲಗೆ.
ವಾರ್ಮರ್ ಇತ್ತು, ಕರೆಂಟಿರಲಿಲ್ಲ.
ಹುಲಿಗೆಮ್ಮನ ಎದೆ ಇತ್ತು.
ನನ್ನ ಕೈ ತಾನಾಗಿ ಮಂಡಿ ಮಡಚಿತು,
ಕಿವಿ ಹುಡುಕಿತು.

ಎಲ್ಲ ಹೀಗೇ ಆಗಲಿಲ್ಲ.
ಅದೇ ತಿಂಗಳು, ಅದೇ ಮಂಚ, ಇನ್ನೊಬ್ಬಳ ಹೆಣ್ಣುಮಗು,
ಆರನೇ ದಿನ ಬೆಳಗಿನ ಜಾವ.
ತಮಂದಾ ಸಮಾಧಾನ ಹೇಳಲಿಲ್ಲ.
ನೋಟುಬುಕ್ಕು ತೆರೆಸಿ ಬರೆಸಿದಳು:
ಎಷ್ಟು ಗಂಟೆಗೆ ಎಷ್ಟು ಚಮಚ ಹಾಲು,
ಪಾದ ಯಾವಾಗಿನಿಂದ ತಣ್ಣಗಿತ್ತು,
ಮುಟ್ಟಿ ನೋಡಿದ್ದು ಯಾರು, ನೋಡದೆ ಹೋದದ್ದು ಯಾರು.
ಒಂದು ಹೆಸರು ನನ್ನದು.
ಬರೆಸಿ ಮುಗಿದ ಮೇಲೆ ಹೊರಗೆ ಹೋಗಿ
ನಲ್ಲಿ ಬಿಟ್ಟು ಬಹಳ ಹೊತ್ತು ಕೈ ತೊಳೆದಳು.

ರಬ್ಬರ್ ಮಗು ತಲುಪಿದ್ದು ಆಕೆ ಹೊರಟುಹೋದ ಮೇಲೆ.
ಬೀರುವಿನಲ್ಲಿದೆ. ಇನ್ಸ್‌ಪೆಕ್ಷನ್ನಿಗೆ ಹೊರಗೆ ತೆಗೆಯುತ್ತೇವೆ.
ಪಾಠಕ್ಕೆ ಈಗಲೂ ಆಲೆಮನೆಗೇ ಆಳು ಕಳಿಸುತ್ತೇನೆ,
ಬಿಸಿ ಇರುವಾಗಲೇ ತಾ, ಅಂತ.

ಮೊನ್ನೆ ಲೇಬರ್ ವಾರ್ಡಿನಲ್ಲಿ
ಹೊಸದಾಗಿ ಸೇರಿದ ಹುಡುಗಿ ಕೇಳಿದಳು:
ಲಿಂಬನಿ ಲಿಂಬನಿ ಅಂತೀರಲ್ಲ ಸಿಸ್ಟರ್,
ಇದೇನು ನಾಗಮಂಗಲದ ಕಡೆ ಮಾತಾ?
ನಾನು ಬಾಯಿ ತೆರೆಯುವ ಮುಂಚೆ
ನೆಲ ಒರೆಸುತ್ತಿದ್ದ ಚಿಕ್ಕತಾಯಮ್ಮ ಅಂದಳು:
ಊಂ ಕನವ್ವ,
ನಮ್ ತಿಮ್ಮಮ್ಮನ ಕಡೇದು.