ಮಂಜುಗಡ್ಡೆ ಕಳೆದು

ಬೋಲುಂಗಾರ್ವಿಕ್ ಬಂದರಿನಲ್ಲಿ ತೂಕ ಹಾಕುವವಳು ನಾನು.
ಇಪ್ಪತ್ತೆರಡು ವರ್ಷದಿಂದ
ದೋಣಿಗಳು ಬರುತ್ತವೆ, ತೊಟ್ಟಿಗಳು ಇಳಿಯುತ್ತವೆ,
ಕ್ರೇನಿನವ ಥೋರ್ಲಾಕುರ್ ಕೈ ಎತ್ತುತ್ತಾನೆ,
ನಾನು ಬರೆಯುತ್ತೇನೆ:
ಕಾಡ್ ಮೀನು ಇಷ್ಟು, ಹ್ಯಾಡಕ್ ಇಷ್ಟು,
ತೊಟ್ಟಿಯ ತೂಕ ಕಳೆ, ಮಂಜುಗಡ್ಡೆಯ ತೂಕ ಕಳೆ,
ಉಳಿದದ್ದಷ್ಟೇ ಮೀನು.

ನನ್ನ ಲೆಕ್ಕ ತಪ್ಪಿದ್ದಿಲ್ಲ.
ಒಮ್ಮೆ ಒಬ್ಬ ಕಪ್ತಾನ ಜಗಳಕ್ಕೆ ಬಂದಿದ್ದ,
ಗಡ್ಡೆ ಕರಗಿಸಿ ತೋರಿಸಿದೆ, ಬಾಯಿ ಮುಚ್ಚಿಕೊಂಡು ಹೋದ.

ಮನೆಯ ಬಚ್ಚಲಲ್ಲಿ ಮಾತ್ರ
ಗಾಜಿನ ತಕ್ಕಡಿ ಹನ್ನೊಂದು ವಾರದಿಂದ
ಒಂದೇ ಮಾತು ಹಿಡಿದು ಕೂತಿದೆ:
ತೊಂಬತ್ತೊಂದು ಪಾಯಿಂಟ್ ಆರು.

ಮೊದಲ ಹದಿನಾಲ್ಕು ಕಿಲೋ ಸಲೀಸಾಗಿ ಹೋದವು,
ಕರೆಯದೆ ಬಂದ ನೆಂಟರು ತಾವಾಗಿಯೇ ಎದ್ದು ಹೊರಟ ಹಾಗೆ.
ಬಾಗಿಲಲ್ಲಿ ನಿಂತು ಕೈ ಬೀಸಿದ್ದೆ.
ಆಮೇಲೆ ಉಳಿದವರು ನೆಂಟರಲ್ಲ,
ಬಾಡಿಗೆಯವರೂ ಅಲ್ಲ,
ಮನೆ ತಮ್ಮದೇ ಎನ್ನುವವರು.

ನರ್ಸ್ ಹ್ಯೋರ್ದಿಸ್ ಕಾಗದದ ಮೇಲೆ ಗೀಟೆಳೆದು ತೋರಿಸಿದಳು:
ಇಲ್ಲಿಯವರೆಗೆ ಇಳಿಜಾರು, ಇಲ್ಲಿಂದ ಮಟ್ಟಸ.
ನಮ್ಮೂರ ಸುತ್ತ ಬೆಟ್ಟಗಳೆಲ್ಲ ಹಾಗೆಯೇ, ತಲೆ ಹಾರಿಸಿದಂತೆ;
ಮೇಲೆ ಮಂಜು ಕವಿದರೆ
ಇಳಿಯುವ ದಾರಿ ಯಾವ ಕಡೆಗಿದೆಯೋ ಕಾಣದು.

ರೈ ರೊಟ್ಟಿ ಎರಡಿದ್ದದ್ದು ಒಂದಾಯಿತು, ಒಂದು ಅರ್ಧವಾಯಿತು.
ಒಣಮೀನಿಗೆ ಬೆಣ್ಣೆ ಸವರುವುದು ಬಿಟ್ಟೆ.
ಬೆಣ್ಣೆಯಿಲ್ಲದ ಒಣಮೀನು ಎಂದರೆ
ಹಳೆಯ ಬೂಟಿನ ಜೊತೆ ಮಾತುಕತೆ.
ಬೆಳಗ್ಗೆ ದೀಪಸ್ತಂಭದವರೆಗೆ ನಡೆದೆ, ಸಂಜೆ ಮತ್ತೆ ನಡೆದೆ,
ಎದುರುಗಾಳಿಯ ದಿನ ಗಾಳಿಯನ್ನೂ ಲೆಕ್ಕಕ್ಕೆ ಸೇರಿಸಿದೆ.
ತೊಂಬತ್ತೊಂದು ಪಾಯಿಂಟ್ ಆರು.
ಉಂಗುರ ತೆಗೆದು ನಿಂತೆ. ಕೂದಲು ಕತ್ತರಿಸಿ ನಿಂತೆ.
ಆರು.

ಬಿಸಿನೀರಿನ ಕೊಳದಲ್ಲಿ ಕತ್ತಿನವರೆಗೆ ಮುಳುಗಿ
ಮೀನು ಕಾರ್ಖಾನೆಯ ಬೊಝೇನಾ ಕೇಳಿದಳು:
"ಕೈ ಯಾಕೆ ಇಷ್ಟು ತಣ್ಣಗೆ ನಿನ್ನದು, ಈ ನೀರಲ್ಲೂ?"

ಆಗ ಹೊಳೆಯಿತು.
ಒಳಗೂ ಒಬ್ಬಳು ತೂಕದವಳು ಕೂತಿದ್ದಾಳೆ,
ನನಗಿಂತ ಹಳಬಳು, ನನಗಿಂತ ಜಿಪುಣಿ.
ನಾನು ಒಂದು ತುಂಡು ರೊಟ್ಟಿ ಕಳೆದರೆ
ಅವಳು ಬೆರಳ ತುದಿಯ ಒಲೆ ಆರಿಸುತ್ತಾಳೆ,
ನಾನು ಒಂದು ಮೈಲಿ ಕೂಡಿಸಿದರೆ
ಮಧ್ಯಾಹ್ನ ನನ್ನನ್ನು ಕುರ್ಚಿಗೆ ಅಂಟಿಸುತ್ತಾಳೆ.
ಲೆಕ್ಕ ಸರಿಸಮ.
ಅವಳಿಗೆ ನನ್ನ ಹೊಸ ಪ್ಯಾಂಟಿನ ಆಸೆ ಗೊತ್ತಿಲ್ಲ.
ಅವಳಿಗೆ ಗೊತ್ತಿರುವುದು
ಮುತ್ತಜ್ಜಿಯ ಕಾಲದ ಒಂದು ವಸಂತ,
ಕಡಲ ತುಂಬ ಹಿಮಗಡ್ಡೆ ಬಂದು, ದೋಣಿ ಇಳಿಯದೆ,
ಚರ್ಮದ ಜೋಡು ಬೇಯಿಸಿ ಕುಡಿದದ್ದು.

ಇಂಥವಳ ಜೊತೆ ಜಗಳ ಆಡುವುದು ಹೇಗೆ?
ಕಪ್ತಾನನಿಗೆ ತೋರಿಸಿದಂತೆ ಏನು ಕರಗಿಸಿ ತೋರಿಸಲಿ?
ಅವತ್ತು ರೊಟ್ಟಿ ಎರಡು ತಿಂದೆ. ಬೆಣ್ಣೆಯೂ.
ಒಂಬತ್ತು ಗಂಟೆ ನಿದ್ದೆ ಮಾಡಿದೆ.
ಇಗೋ, ಬರಗಾಲವಿಲ್ಲ ಕಣೇ, ಎಂದೆ ಅವಳಿಗೆ.

ಬಂದರಿನ ಶೆಡ್ಡಿನ ಹಿಂದೆ ಒಂದು ಕಲ್ಲಿದೆ.
ಹಿಂದೆ ಅದನ್ನು ಸೊಂಟದವರೆಗೆ ಎತ್ತಿದವನಿಗಷ್ಟೇ
ದೋಣಿಯಲ್ಲಿ ಜಾಗವಂತೆ.
"ತೂಕ ಹಾಕೋಣವಾ, ಸ್ಟೇನುನ್? ಕ್ರೇನ್ ಖಾಲಿಯಿದೆ"
ಎಂದ ಥೋರ್ಲಾಕುರ್.
ಬೇಡ ಎಂದೆ.
ಈ ಊರಲ್ಲಿ ಒಂದಾದರೂ ವಸ್ತು
ನನ್ನ ಪುಸ್ತಕಕ್ಕೆ ಸಿಗದೆ ಇರಲಿ.

ದಿನಾ ಊಟದ ಬಿಡುವಿನಲ್ಲಿ ತಬ್ಬಿದೆ ಅದನ್ನು.
ಮೊದಲ ವಾರ ಕಲ್ಲು ನನ್ನನ್ನು ಗಮನಿಸಲೇ ಇಲ್ಲ.
ಮೂರನೇ ವಾರ ಒಂದು ಬದಿ ಅಲುಗಿತು,
ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ.

ತಕ್ಕಡಿ? ಹೌದು, ಅದೂ ಅಲುಗಿತು ನಡುವೆ ಎಂದೋ.
ತೊಂಬತ್ತೊಂದು ಪಾಯಿಂಟ್ ಎರಡು.
ನಾನೂರು ಗ್ರಾಂ. ನನ್ನ ಕೆಲಸದಲ್ಲಿ
ಒಂದು ಹ್ಯಾಡಕ್ಕಿನ ತಲೆ, ಬೆಕ್ಕಿಗೆ ಎಸೆಯುವಂಥದ್ದು.
ಬಚ್ಚಲಲ್ಲಿ ಒಬ್ಬಳೇ ನಿಂತು ಜೋರಾಗಿ ನಕ್ಕೆ,
ಇಳಿದು, ಮತ್ತೆ ಹತ್ತಿ ನೋಡಿದೆ;
ಕಸುಬಿನವಳಲ್ಲವೇ.

ಕಲ್ಲು ಎದ್ದದ್ದು ಮೇ ತಿಂಗಳ ಒಂದು ಗುರುವಾರ,
ಮೊಣಕಾಲಿನವರೆಗೆ, ಅದಕ್ಕಿಂತ ಮೇಲಿಲ್ಲ.
ಥೋರ್ಲಾಕುರ್ ಕ್ರೇನಿನ ಮೇಲಿಂದ ಹಾರ್ನ್ ಹೊಡೆದ.
ನಾನು ಕೆಳಗೆ ನೋಡಿದೆ:
ಬಿಳಿಚಿದ ಹುಲ್ಲು, ತಟ್ಟೆಯಗಲದ ಒದ್ದೆ ಮಣ್ಣು,
ಬೆಳಕು ಬಿದ್ದು ಗಾಬರಿಯಾದ ಒಂದು ಹುಳ
ಯಾವ ಕಡೆ ಹೋಗಲಿ ಎಂದು ಸುತ್ತುತ್ತಿತ್ತು.
ಅದು ದಾಟುವವರೆಗೆ
ಹಿಡಿದುಕೊಂಡೇ ನಿಂತೆ.