ನಾಲ್ಕು ಬೆರಳು

ಎರ್ಲ್ಯಾನ್ ಬಂತು ಎಂದು ಯಾರೂ ಕೂಗಲಿಲ್ಲ.
ದುಲ್ಮಾ ಬಂದು ಶೌಚಾಲಯಕ್ಕೆ ಬೀಗ ಜಡಿದು
ಕೀಲಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡಾಗ ಗೊತ್ತಾಯಿತು,
ಮಂಗೋಲಿಯಾ ಮುಗಿಯಿತು.
ಇನ್ನು ಮೂರು ಗಂಟೆ.
ಚಹಾ ಕುಡಿದವರ ಪಾಡು ಅವರವರದು.

ಮೇಲಿನ ಬರ್ತಿನ ಹುಡುಗ ತೆಮೂಲೆನ್
ಕಿಟಕಿಗೆ ಮೂಗು ಒತ್ತಿ ಕೇಳಿದ್ದನ್ನು
ಅವನ ಅಜ್ಜಿ, ಉಣ್ಣೆಯ ಮೂಟೆಗೆ ಬೆನ್ನು ಕೊಟ್ಟವಳು,
ಹರಕು ಇಂಗ್ಲಿಷಿನಲ್ಲಿ ನನಗೆ ದಾಟಿಸಿದಳು:
"ರೈಲಿಗೆ ಬೂಟು ಬಿಚ್ಚಿಸುತ್ತಾರಂತೆ, ಹೌದೇ?"

ಹೌದು ಮಗು.
ಆಚೆ ಹಳಿಗೂ ಈಚೆ ಹಳಿಗೂ
ಅಂತರ ನಾಲ್ಕೇ ನಾಲ್ಕು ಬೆರಳು.
ಯಾವನೋ ಒಬ್ಬ ಯಾವುದೋ ಮೇಜಿನ ಮೇಲೆ
ಅಳತೆಕೋಲು ಇಟ್ಟು ಗೆರೆ ಎಳೆದ.
ಇನ್ನೊಬ್ಬನದು ಬೇರೆ ಮೇಜು, ಬೇರೆ ಕೋಲು.
ಇಬ್ಬರೂ ಸತ್ತು ಎಷ್ಟೋ ಕಾಲ.
ಅವರು ಬಿಟ್ಟುಹೋದ ಸಂದಿನಲ್ಲಿ
ಈ ಊರು ಇನ್ನೂ ನಿದ್ದೆಗೆಡುತ್ತದೆ.

ಶೆಡ್ಡಿನೊಳಗೆ ಬೋಗಿಗಳ ಕೊಂಡಿ ಕಳಚಿ
ಒಂದೊಂದನ್ನೇ ಬೇರೆ ನಿಲ್ಲಿಸಿದರು.
ನಾಲ್ಕು ಮೂಲೆಗೆ ನಾಲ್ಕು ಹಳದಿ ಜಾಕ್.
ನಾವು ಏರಿದೆವು
ಹೊದಿಕೆ, ನೂಡಲ್ಸ್ ಬಟ್ಟಲು, ಚಪ್ಪಲಿ, ಗೊರಕೆ ಸಮೇತ.
ಏರಿದ್ದು ಗೊತ್ತೇ ಆಗಲಿಲ್ಲ.
ಪಕ್ಕದ ಬೋಗಿ ಭೂಮಿಗಿಳಿಯುತ್ತಿದೆ ಎಂದುಕೊಂಡೆ.
ಕೆಳಗೆ ನಮ್ಮ ಹಳೆಯ ಕಾಲುಗಳು
ನಮ್ಮನ್ನು ಕೇಳದೆ ಉರುಳಿಹೋದವು.

ನಮ್ಮಲ್ಲಿ ಕಾಲ್ಗುಣ ಎನ್ನುತ್ತಾರೆ, ಅಂದೆ ಅಜ್ಜಿಗೆ,
ಮನೆಗೆ ಬಂದ ಸೊಸೆಯ ಪಾದದ ಮೇಲೆ
ಮನೆಯ ಒಳಿತು ಕೆಡುಕು ಹೊರಿಸುತ್ತಾರೆ.
ಇಂಗ್ಲಿಷಿನಲ್ಲಿ ಅದು 'ಲಕ್ಕಿ ಫುಟ್' ಆಗಿ ಕುಂಟಿತು.
ಅಜ್ಜಿ ಯೋಚಿಸಿ ಹೇಳಿದಳು:
"ನಾನಾಗಿದ್ದರೆ ಅವಳ ಕುದುರೆಯ ಕಾಲು ನೋಡುತ್ತಿದ್ದೆ."

ದುಲ್ಮಾ ನಗಲಿಲ್ಲ.
ಸಮೋವರಿನ ಪಕ್ಕದ ಮಡಚು ಕುರ್ಚಿಯಲ್ಲಿ
ಮೈಯೆಲ್ಲ ಕಿವಿಯಾಗಿ ಕೂತಿದ್ದಳು.

ಹೊಸ ಗಾಲಿ ಕೂರಿಸಿದ ಮೇಲೆ
ಕೆಳಗಿನಿಂದ ಸುತ್ತಿಗೆಯಲ್ಲಿ ತಟ್ಟಿ ನೋಡುತ್ತಾರೆ.
ಬಿರುಕು ಬಿಟ್ಟ ಕಬ್ಬಿಣಕ್ಕೆ ಸುಳ್ಳು ಹೇಳಲು ಬರುವುದಿಲ್ಲ.
ಹತ್ತೊಂಬತ್ತು ವರ್ಷ ಒಂದೇ ಕೈ:
ಟಣ್, ಟಣ್ಟಣ್.
ಟಣ್, ಟಣ್ಟಣ್.
ಕಡೆಯ ಗಾಲಿಗೆ ಮಾತ್ರ ನಿಯಮದಲ್ಲಿಲ್ಲದ
ಇನ್ನೊಂದು, ಹಗುರಾಗಿ,
ಟಣ್.
ಅದಕ್ಕೆ ಇವಳು ಬೂಟಿನ ಹಿಮ್ಮಡಿಯಿಂದ
ನೆಲಕ್ಕೆ ಒಂದು ಕೊಡುತ್ತಿದ್ದಳಂತೆ.
ಅಷ್ಟೇ.
ಮುಖ ಕಂಡಿಲ್ಲ. ಹೆಸರು ಗೊತ್ತಿಲ್ಲ.
ಅವನ ಭಾಷೆಯಲ್ಲಿ ಇವಳಿಗೆ ಬರುವುದು
'ಇಲ್ಲಿ ಸಹಿ ಮಾಡಿ' ಎನ್ನುವ ಒಂದೇ ಮಾತು.
(ಇದೆಲ್ಲ ಅಜ್ಜಿ ಹೇಳಿದ್ದು.
ಎಷ್ಟು ಬೆರೆಸಿದಳೋ, ಉಣ್ಣೆ ಮಾರುವವಳು.)

ಈ ರಾತ್ರಿ:
ಟಣ್ ಟಣ್ ಟಣ್ ಟಣ್,
ಅವಸರದ, ಸಮಸಮ,
ಪರೀಕ್ಷೆಗೆ ಕೂತ ಹುಡುಗನ ಕೈ.
ಕಡೆಯ ಗಾಲಿ ಬಂತು. ಹೋಯಿತು.
ದುಲ್ಮಾಳ ಹಿಮ್ಮಡಿ
ನೆಲದಿಂದ ನಾಲ್ಕು ಬೆರಳು ಮೇಲೆ
ಹಾಗೇ ನಿಂತಿತು.

ರಜೆಯೋ, ಜ್ವರವೋ, ವಯಸ್ಸಾಯಿತೋ.
ಇಳಿದು ಕೇಳೋಣವೆಂದರೆ
ಮೆಟ್ಟಿಲು ಗಾಳಿಯಲ್ಲಿತ್ತು.

ಜಾಕ್ ತಗ್ಗಿತು. ಲೋಟದ ಚಹಾ
ಒಮ್ಮೆ ಅಲುಗಿ ಸುಮ್ಮನಾಯಿತು.
ಗೋಬಿಯುದ್ದಕ್ಕೂ ತಕತಕಿಟ ತಕತಕಿಟ ಎಂದು
ಐದರಲ್ಲಿ ನಡೆದು ಬಂದ ರೈಲು
ತಕಧಿಮಿ ತಕಧಿಮಿ, ನಾಲ್ಕಕ್ಕೆ ಇಳಿದಿತ್ತು,
ಅಥವಾ ನನ್ನ ಕಿವಿಗೆ ಹಾಗೆ ಬೇಕಿತ್ತು.
ಪಾದ ಬದಲಾದರೆ ಪದ್ಯ ಬದಲಾಗಲೇಬೇಕಲ್ಲ.

ಶೌಚಾಲಯದ ಮುಂದೆ ಸಾಲು.
ನಾನು ಒಂಬತ್ತನೆಯವಳು.
ಹಿಂದೆ ತೆಮೂಲೆನ್, ತೊಡೆ ಬಿಗಿಹಿಡಿದು
ಆ ಕಾಲು ಈ ಕಾಲು ಕುಣಿಯುತ್ತಾ
ತಡೆಯಲಾರದೆ ಹಿಮ್ಮಡಿಯಿಂದ
ನೆಲಕ್ಕೆ ಒಂದು ಒದ್ದ.

ಕೀಲಿ ಹಿಡಿದಿದ್ದ ದುಲ್ಮಾ
ಸರಕ್ಕನೆ ತಿರುಗಿದಳು.
ನಮ್ಮ ಕಾಲುಗಳನ್ನೆಲ್ಲ ಒಂದೊಂದಾಗಿ ನೋಡಿದಳು.
ಆಮೇಲೆ ಹುಡುಗನ ಕೊರಳಪಟ್ಟಿ ಹಿಡಿದು
ಎಲ್ಲರನ್ನೂ ದಾಟಿಸಿ
ಅವನನ್ನೇ ಮೊದಲು ಒಳಗೆ ಬಿಟ್ಟಳು.