ಗೇಟು ಬಿದ್ದಾಗ

ಅಶೋಕ ಟಾಕೀಸ್ ಗೇಟು ಬಿದ್ದಿದೆ.
ಈ ಕಡೆ ನಾನು, ಖುತೇಜಾ, ಅವಳ ಸ್ಕೂಟಿ,
ಮುಂದೆ ಮಂಡಕ್ಕಿ ಚೀಲ ಹೇರಿದ ಟಂಟಂ,
ಹಿಂದೆ, ಹಾರ್ನು ಒತ್ತುವುದನ್ನೇ ಕಸುಬು ಮಾಡಿಕೊಂಡ ಒಬ್ಬ.
ಬರುವುದು ಗೂಡ್ಸೋ ಪ್ಯಾಸೆಂಜರೋ ದೇವರಿಗೇ ಗೊತ್ತು.

"ಇಳಿ ಹಾಲಮ್ಮ" ಅಂದಳು ಖುತೇಜಾ,
"ಚಾ ಹೇಳು. ರೈಲು ನೋಡಾಣ."

ನಗು ತಡೆಯಲಾಗಲಿಲ್ಲ.
ಹೋದ ತಿಂಗಳು ಇಷ್ಟೊತ್ತಿಗೆ
ಹನೋಯಿಯ ಒಂದು ಸಂದಿಯಲ್ಲಿ
ಮಣೆಯಷ್ಟೆತ್ತರದ ಸ್ಟೂಲಿನ ಮೇಲೆ ಕೂತು
ರೈಲು ಕಾಯುತ್ತಿದ್ದೆವು, ದುಡ್ಡು ಕೊಟ್ಟು!
ಮೂವತ್ತೈದು ಸಾವಿರ ಒಂದು ಕಾಫಿಗೆ.
ಅವರ ಸಾವಿರ; ನಮ್ಮ ಲೆಕ್ಕದಲ್ಲಿ ನೂರಾ ಚಿಲ್ಲರೆ.
ಮೊಟ್ಟೆ ಹಾಕಿದ ಕಾಫಿ ಅಂತ ತಿಳಿದದ್ದು
ಅರ್ಧ ಕುಡಿದ ಮೇಲೆ.
ನಾನು ಖುತೇಜಾಳ ಮುಖ ನೋಡಿದೆ,
ಅವಳು ಆಕಾಶ ನೋಡಿದಳು.
ಉಳಿದರ್ಧವನ್ನೂ ಕುಡಿದೆ.
ಮನೆಯಲ್ಲಿ ಹೇಳಿಲ್ಲ.

ಚೀಟಿ ಎತ್ತಿದ ದುಡ್ಡು ಅದು,
ಇಪ್ಪತ್ತು ತಿಂಗಳು ಇಬ್ಬರೂ ಕಟ್ಟಿದ್ದು.
"ಬಂಗಾರ ತಗೊಳ್ಳೋದಲ್ವಾ" ಅಂದಳು ನಾದಿನಿ.
"ಅಲ್ಲಿ ಯಾವ ದೇವಸ್ಥಾನ ಐತಿ?" ಅಂದರು ಭಾವ.
ಗೊತ್ತಿಲ್ಲ ಅಂದೆ, ಇದ್ದರೂ ಹೋಗಲ್ಲ ಅಂದೆ.
ಪಾಸ್‌ಪೋರ್ಟಿನ ಫೋಟೋದಲ್ಲಿ ನಗಬಾರದಂತೆ.
ಐವತ್ತೆರಡು ವರ್ಷದ ಅಭ್ಯಾಸ,
ಒಂದೇ ಸಲಕ್ಕೆ ಸರಿಯಾಗಿ ಬಂತು.

ಆ ಊರಲ್ಲಿ ರಸ್ತೆ ದಾಟುವುದೊಂದು ವಿದ್ಯೆ.
ಚೀಲ ಒಡೆದು ಜೋಳ ಚೆಲ್ಲಿದ ಹಾಗೆ ಸ್ಕೂಟರು;
ಬೆಳ್ಳನೆ ಹುಡುಗರು ನಕ್ಷೆ ಹಿಡಿದು ಬೆವರುತ್ತಿದ್ದರು.
ಖುತೇಜಾ ನನ್ನ ಮಣಿಕಟ್ಟು ಹಿಡಿದಳು:
"ಮಂಡಿಪೇಟೆ ಅಂದ್ಕೊ. ಓಡಬೇಡ, ನಿಲ್ಲಬೇಡ,
ಯಾರ ಮುಖಾನೂ ನೋಡಬೇಡ."
ಆಚೆ ಮುಟ್ಟಿ ತಿರುಗಿದರೆ
ನಮ್ಮ ಬೆನ್ನಿಗೆ ಹನ್ನೊಂದು ಪರದೇಶಿಗಳು,
ಕೋಳಿಮರಿಗಳ ಥರ.
ಪರದೇಶಿಗಳು ಅಂದೆನಾ?
ನಾವೇನು ಮತ್ತೆ.

ಕೆರೆಯ ದಂಡೆಯಲ್ಲಿ ಸಂಜೆ
ನಮ್ಮ ವಯಸ್ಸಿನ ಹೆಂಗಸರು ಸ್ಪೀಕರ್ ಇಟ್ಟು ಕುಣಿಯುತ್ತಿದ್ದರು.
ಒಬ್ಬಳು ಕೈಮಾಡಿ ಕರೆದಳು.
ನಾನು ಚಪ್ಪಲಿ ಕಾಯುತ್ತೇನೆಂದೆ.
ಖುತೇಜಾಗೆ ಯಾವ ಕುಣಿತ ಗೊತ್ತು?
ಮೂವತ್ತು ವರ್ಷ ಭಟ್ಟಿಯ ಮುಂದೆ ನಿಂತವಳು.
ಕಾದ ಮರಳಿನಿಂದ ಮಂಡಕ್ಕಿ ಬೇರೆ ಮಾಡುವ ಹಾಗೆ
ಭುಜ ಆಡಿಸಿದಳು, ಜರಡಿ ಹಿಡಿದ ಹಾಗೆ ಕೈ.
ಎರಡು ಸುತ್ತು ಕಳೆಯುವಷ್ಟರಲ್ಲಿ
ಇಡೀ ಸಾಲು ಕಾಣದ ಜರಡಿ ಹಿಡಿದಿತ್ತು.
ನಾನೂ ಎದ್ದೆ.
ಚಪ್ಪಲಿ ಯಾರೂ ಒಯ್ಯಲಿಲ್ಲ.

ಒಬ್ಬ ಅಜ್ಜಿ ಕಮಲದೆಲೆಯಲ್ಲಿ
ಹಸಿರು ಅವಲಕ್ಕಿ ಕಟ್ಟಿ ಮಾರುತ್ತಿದ್ದಳು.
ಖುತೇಜಾ ಎರಡು ಕಾಳು ಹಲ್ಲಿಗಿಟ್ಟು
"ಭತ್ತ ಎಳೇದು. ಕುಟ್ಟಿದ ಕೈ ಒಳ್ಳೇದು" ಅಂದಳು.
ಬ್ಯಾಗಿನಿಂದ ನಮ್ಮ ಮಂಡಕ್ಕಿ ತೆಗೆದು ಅವಳ ಬೊಗಸೆಗೆ ಸುರಿದಳು.
ಅಜ್ಜಿ ಅಗಿಯುತ್ತ ಅವಳ ಭಾಷೆಯಲ್ಲಿ ಏನೋ ಅಂದಳು,
ಖುತೇಜಾ ಉರ್ದುವಿನಲ್ಲಿ ಹೌದೆಂದಳು,
ನಾನು ಕನ್ನಡದಲ್ಲಿ ಉಪ್ಪಿನ ಮಾತು ತೆಗೆದೆ.
ಹದಿನೈದು ನಿಮಿಷ, ಎಲ್ಲೂ ತೊಡಕಲಿಲ್ಲ.

ಆಮೇಲೆ ಆ ರೈಲು.
ಸ್ಟೂಲು ಎಳೆದುಕೊಂಡರು, ಕೊಡೆ ಮಡಚಿದರು,
ಗೋಡೆಗೆ ಬೆನ್ನು, ಹೊಟ್ಟೆ ಒಳಗೆ,
ಗೇಣಿನಾಚೆ ಬೋಗಿ, ಬೋಗಿ, ಬೋಗಿ.
ಆ ಸದ್ದಿನಲ್ಲಿ ಖುತೇಜಾ ಏನೋ ಅಂದಳು.
ತುಟಿ ಕಂಡಿತು, ಮಾತು ಕೇಳಲಿಲ್ಲ.
"ಏನಂದೆ?"
"ಏನಿಲ್ಲ ಬಿಡು" ಅಂದು ಕಣ್ಣೊರೆಸಿಕೊಂಡಳು,
ಧೂಳು ಅಂದಳು.

ಈಗ ಬಂತು ನೋಡಿ, ಗೂಡ್ಸು.
ದಾವಣಗೆರೆಯ ಬಿಸಿಲಿನಲ್ಲಿ ಎಣಿಸಿದಷ್ಟೂ ಬೋಗಿ.
ಖುತೇಜಾಳ ತುಟಿ ಮತ್ತೆ ಅಲುಗಿತು.
ಈ ಸಲ ನಾನೂ ಏನೋ ಅಂದೆ,
ಜೋರಾಗಿಯೇ ಅಂದೆ,
ಯಾರಿಗೂ ಕೇಳದ ಧೈರ್ಯದಲ್ಲಿ.

ಗೇಟು ಎದ್ದಿತು.
ಟಂಟಂ ಹೋಯಿತು, ಒಂದಿಷ್ಟು ಮಂಡಕ್ಕಿ ಹಳಿಗೆ ಚೆಲ್ಲಿ.
ಚಹಾ ಇನ್ನೂ ಅರ್ಧ.
ಹಿಂದಿನವನು ಹಾರ್ನಿನ ಮೇಲೆ ಮಲಗಿಯೇಬಿಟ್ಟ.
"ತಡಿಯಪ್ಪ" ಅಂದಳು ಖುತೇಜಾ, ತಿರುಗದೆ,
"ನಾವು ಟೂರಿಗೆ ಬಂದೀವಿ."